ಕಾರಿನ ಲೈಟ್ ಹತ್ತುತ್ತಿಲ್ಲವೇ? ಹೊಸ ಬಲ್ಬ್ ತರುವ ಮೊದಲು ಇಷ್ಟು ನೋಡಿ

ಕಾರಿನ ಯಾವುದೋ ಒಂದು ಲೈಟ್ ಹತ್ತುತ್ತಿಲ್ಲ ಎಂದರೆ ಎಲ್ಲರ ಕೈ ಮೊದಲು ಹೋಗುವುದು ಬಲ್ಬಿನ ಕಡೆಗೆ. ಬಹಳ ಸಲ ಅದು ಸರಿಯೂ ಹೌದು. ಆದರೆ ಹೊಸ ಬಲ್ಬ್ ಹಾಕಿದ ಮೇಲೂ ಹತ್ತಲಿಲ್ಲ, ಹತ್ತಿದರೂ ಮಂಕಾಗಿದೆ, ಇಲ್ಲವೇ ತಿಂಗಳೊಳಗೆ ಅದೂ ಹೋಯಿತು ಎನ್ನುವವರು ಕಮ್ಮಿ ಇಲ್ಲ. ಆಗ ತಪ್ಪು ಬಲ್ಬಿನದಲ್ಲ. ಹೋಲ್ಡರ್, ಅರ್ಥ್ (ಕರೆಂಟ್ ಕಾರಿನ ಲೋಹದ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿ), ಫ್ಯೂಸ್, ಚಾರ್ಜಿಂಗ್, ಇವುಗಳಲ್ಲಿ ಒಂದರದು. ಬಲ್ಬ್ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಬದಲಾಯಿಸಬೇಕೋ ಬೇಡವೋ ಎಂದು ಗೊತ್ತುಮಾಡಿಕೊಳ್ಳುವುದೇ ನಿಜವಾದ ಕೆಲಸ.

ಇಲ್ಲಿ ಹೇಳುತ್ತಿರುವುದು ಮಾಮೂಲಿ ಹ್ಯಾಲೊಜೆನ್ ಬಲ್ಬಿನ ಕಾರುಗಳ ಬಗ್ಗೆ. ಆಲ್ಟೊ, ವ್ಯಾಗನ್‌ಆರ್ ತರದ ಸಣ್ಣ ಕಾರುಗಳಲ್ಲಿ ಮುಂದೆ ಎಚ್4 ಬಲ್ಬ್, ಹಿಂದೆ ಒತ್ತಿ ತಿರುಗಿಸುವ ಗುಂಡು ಬಲ್ಬ್ ಇರುತ್ತವಲ್ಲ, ಅಂಥವು.

ಮೊದಲು ಒಂದು ಸುತ್ತು

ಸಂಜೆ ಕತ್ತಲಾದ ಮೇಲೆ ಕಾರನ್ನು ಗೋಡೆಯ ಹತ್ತಿರ ನಿಲ್ಲಿಸಿ. ಪಾರ್ಕಿಂಗ್ ಲೈಟ್, ಲೋ ಬೀಮ್, ಹೈ ಬೀಮ್, ಎರಡೂ ಕಡೆಯ ಇಂಡಿಕೇಟರ್, ಬ್ರೇಕ್, ರಿವರ್ಸ್, ನಂಬರ್ ಪ್ಲೇಟ್ ಲೈಟ್ ಎಲ್ಲವನ್ನೂ ಒಂದೊಂದಾಗಿ ಹಾಕಿ. ಬ್ರೇಕ್ ಒತ್ತಲು ಮನೆಯವರನ್ನು ಕರೆಯಿರಿ. ಯಾರೂ ಇಲ್ಲದಿದ್ದರೆ ಕಾರಿನ ಹಿಂಭಾಗವನ್ನು ಗೋಡೆಗೆ ಹತ್ತಿರ ತಂದು ನಿಲ್ಲಿಸಿ, ಕನ್ನಡಿಯಲ್ಲಿ ಗೋಡೆಯ ಮೇಲಿನ ಕೆಂಪು ಬೆಳಕನ್ನು ನೋಡಿ. ಯಾವುದು ಹತ್ತುತ್ತಿಲ್ಲ ಎಂಬುದರಷ್ಟೇ ಮುಖ್ಯ, ಅದರ ಜೊತೆಗೆ ಯಾವುದು ಹತ್ತುತ್ತಿದೆ ಎಂಬುದು.

ಒಂದು ಕಡೆ ಲೋ ಬೀಮ್ ಇಲ್ಲ, ಅದೇ ಬಲ್ಬಿನ ಹೈ ಬೀಮ್ ಇದೆ. ಇದು ಬಹುತೇಕ ಬಲ್ಬೇ. ಎಚ್4 ಒಳಗೆ ಎರಡು ಫಿಲಮೆಂಟ್ (ಕಾದು ಬೆಳಗುವ ತಂತಿ) ಇರುತ್ತವೆ, 60 ವ್ಯಾಟಿನದು ಹೈಗೆ, 55 ವ್ಯಾಟಿನದು ಲೋಗೆ. ನಾವು ಜಾಸ್ತಿ ಉರಿಸುವುದು ಲೋ. ಅದೇ ಮೊದಲು ಹೋಗುತ್ತದೆ.

ಒಂದು ಕಡೆ ಎರಡೂ ಇಲ್ಲ ಎಂದರೆ ಬಲ್ಬನ್ನು ಅಷ್ಟು ಬೇಗ ಬೈಯಬೇಡಿ. ಎರಡೂ ಫಿಲಮೆಂಟ್ ಒಟ್ಟಿಗೆ ಹೋಗುವುದು ಅಪರೂಪ. ಎಷ್ಟೋ ಕಾರುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಇರುತ್ತದೆ, ಅದನ್ನು ನೋಡಿ. ಆಮೇಲೆ ಬಲ್ಬಿನ ಮೂರು ಪಿನ್‌ಗಳಲ್ಲಿ ಎರಡೂ ಫಿಲಮೆಂಟಿಗೆ ಸೇರಿದ ಪಿನ್ನಿನ ವೈರ್ ನೋಡಿ.

ಎರಡೂ ಕಡೆ ಲೋ ಇಲ್ಲ, ಹೈ ಇದೆ. ಇಲ್ಲಿ ಡಿಮ್-ಡಿಪ್ ಸ್ವಿಚ್ ಅಥವಾ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಮೇಲೆ ಅನುಮಾನ ಬರುವುದು ಸಹಜ. ಆದರೂ ಬಲ್ಬ್ ಬಿಚ್ಚಿ ನೋಡಿ. ಒಂದು ಕಡೆಯದು ಹೋಗಿ ಎಷ್ಟೋ ದಿನ ಆಗಿರುತ್ತದೆ, ಊರೊಳಗೆ ಬೀದಿದೀಪದ ಬೆಳಕಿನಲ್ಲಿ ಓಡಿಸುವವರಿಗೆ ಗೊತ್ತೇ ಆಗಿರುವುದಿಲ್ಲ. ಎರಡನೆಯದು ಹೋದಾಗಲೇ ಎಚ್ಚರವಾಗುವುದು.

ಫ್ಯೂಸಿನ ಮಾತು ಚಿಕ್ಕದು

ಬಾನೆಟ್ ಒಳಗೊಂದು, ಡ್ರೈವರ್ ಮೊಣಕಾಲಿನ ಹತ್ತಿರ ಒಂದು ಫ್ಯೂಸ್ ಬಾಕ್ಸ್ ಇರುತ್ತದೆ. ಯಾವುದು ಯಾವುದಕ್ಕೆ ಎಂದು ಮುಚ್ಚಳದ ಮೇಲೋ ಓನರ್ ಪುಸ್ತಕದಲ್ಲೋ ಬರೆದಿರುತ್ತದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20. ಹೋಗಿದ್ದರೆ ಅಷ್ಟೇ ಆಂಪಿಯರಿನದು ಹಾಕಿ. ಹಾಕಿದ ತಕ್ಷಣ ಮತ್ತೆ ಹೋದರೆ ಎಲ್ಲೋ ವೈರ್ ಕಾರಿನ ಲೋಹದ ಬಾಡಿಯನ್ನು ತಾಗುತ್ತಿದೆ ಎಂದರ್ಥ. ಆಗ ದೊಡ್ಡ ಫ್ಯೂಸ್ ಹಾಕುವುದು, ತಂತಿ ಸುತ್ತುವುದು ಬೇಡ. ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ.

ಫ್ಯೂಸ್ ಪದೇ ಪದೇ ಹೋಗುವ ಕಾರಿನಲ್ಲಿ ಎರಡು ಕಡೆ ಮೊದಲು ನೋಡಬಹುದು. ಒಂದು, ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ ವೈರುಗಳು ಹಾದುಹೋಗುವ ರಬ್ಬರ್ ಕೊಳವೆ. ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ಒಳಗಿನ ವೈರು ಬಳಲಿ ತುಂಡಾಗಿರುತ್ತದೆ. ನಂಬರ್ ಪ್ಲೇಟ್ ಲೈಟ್, ಮೇಲಿನ ಮೂರನೇ ಬ್ರೇಕ್ ಲೈಟ್, ಹಿಂದಿನ ವೈಪರ್ ಒಟ್ಟಿಗೆ ಕೈಕೊಟ್ಟರೆ ಕಾರಣ ಹೆಚ್ಚಾಗಿ ಇಲ್ಲೇ. ಇನ್ನೊಂದು, ಇಲಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಾಲ್ಕು ದಿನ ನಿಂತ ಕಾರಿನ ಬಾನೆಟ್ ತೆಗೆದರೆ ಹಿಕ್ಕೆ, ಕಡಿದ ವೈರಿನ ಚೂರು ಕಂಡೇ ಕಾಣುತ್ತದೆ.

ಹಳೇ ಬಲ್ಬ್ ಏನು ಹೇಳುತ್ತದೆ

ಬಿಚ್ಚಿದ ಬಲ್ಬನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿಯಿರಿ. ಫಿಲಮೆಂಟ್ ತುಂಡಾಗಿದ್ದು ಗಾಜು ತಿಳಿಯಾಗಿಯೇ ಇದ್ದರೆ ವಯಸ್ಸಾಗಿ ಹೋಗಿದೆ, ಇಲ್ಲವೇ ಗುಂಡಿಯ ಏಟಿಗೆ ಹೋಗಿದೆ. ಗಾಜಿನ ಒಳಮೈ ಕಪ್ಪಾಗಿ ಹೊಗೆ ಹಿಡಿದಂತಿದ್ದರೆ ಫಿಲಮೆಂಟಿನ ಟಂಗ್‌ಸ್ಟನ್ ಆವಿಯಾಗಿ ಅಲ್ಲಿ ಕೂತಿದೆ. ಒಳಗೆ ಬಿಳಿ ಪುಡಿ ಇದ್ದರೆ ಗಾಜು ಬಿರುಕು ಬಿಟ್ಟು ಗಾಳಿ ಹೊಕ್ಕಿದೆ. ಹೆಡ್‌ಲೈಟ್ ಬಲ್ಬಿನ ಗಾಜು ಒಂದೇ ಕಡೆ ಹಾಲಿನಂತೆ ಬೆಳ್ಳಗಾಗಿ ಉಬ್ಬಿದ್ದರೆ ಯಾರೋ ಬರಿಗೈಯಲ್ಲಿ ಮುಟ್ಟಿ ಹಾಕಿದ್ದಾರೆ.

ಫಿಲಮೆಂಟ್ ಕಣ್ಣಿಗೆ ಸರಿಯಾಗಿ ಕಂಡರೂ ಬುಡದಲ್ಲಿ ಕಡಿದಿರಬಹುದು. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ನೋಡಿ. ಹೆಡ್‌ಲೈಟಿನ ಇಲ್ಲವೇ 21 ವ್ಯಾಟಿನ ಒಳ್ಳೆಯ ಬಲ್ಬ್ ಒಂದು ಓಮ್‌ಗಿಂತ ಕಮ್ಮಿ ತೋರಿಸುತ್ತದೆ, ಮೀಟರ್ ಕುಂಯ್ ಎಂದು ಕೂಗುತ್ತದೆ. ಶಾರ್ಟ್ ಆಗಿದೆ ಎಂದು ಗಾಬರಿ ಬೇಡ. ಉರಿಯುವಾಗ 21 ವ್ಯಾಟ್ ಬಲ್ಬಿನ ರೆಸಿಸ್ಟೆನ್ಸ್ ಸುಮಾರು 7 ಓಮ್. ತಣ್ಣಗಿರುವಾಗ ಅದರ ಹತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಸ್ವಿಚ್ ಹಾಕಿದ ಕ್ಷಣದಲ್ಲೇ ಬಲ್ಬ್ ಹೋಗುವುದಕ್ಕೂ ಇದೇ ಕಾರಣ. ತಣ್ಣಗಿನ ಫಿಲಮೆಂಟಿಗೆ ಆಗ ಕರೆಂಟ್ ಒಮ್ಮೆಲೇ ನುಗ್ಗುತ್ತದೆ.

ಟೆಸ್ಟ್ ಲ್ಯಾಂಪ್ ಒಂದು ಇರಲಿ

ಆಟೋ ಎಲೆಕ್ಟ್ರಿಷಿಯನ್‌ಗಳ ಕೈಯಲ್ಲಿ ನೋಡಿರುತ್ತೀರಿ: ಒಂದು 21 ವ್ಯಾಟ್ ಬಲ್ಬು, ಅದಕ್ಕೆ ಬೆಸುಗೆ ಹಾಕಿದ ಎರಡು ವೈರು, ಅಷ್ಟೇ. ಮಲ್ಟಿಮೀಟರ್ ಇದ್ದರೂ ಅವರು ಇದನ್ನು ಬಿಡುವುದಿಲ್ಲ. ಬಿಡದಿರುವುದಕ್ಕೆ ಕಾರಣವೂ ಇದೆ. ಹತ್ತು ಎಳೆಯಲ್ಲಿ ಒಂಬತ್ತು ಎಳೆ ಕೊಳೆತ ವೈರು ಮೀಟರಿನಲ್ಲಿ 12 ವೋಲ್ಟ್ ತೋರಿಸುತ್ತದೆ. ಮೀಟರ್ ಕರೆಂಟನ್ನೇ ಎಳೆಯುವುದಿಲ್ಲವಲ್ಲ. ಅದೇ ವೈರಿಗೆ 21 ವ್ಯಾಟ್ ಬಲ್ಬ್ ಕೊಟ್ಟರೆ ಅದು ಒಂದೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ, ವೈರಿನ ಬಂಡವಾಳ ಬಯಲಾಗುತ್ತದೆ.

ಮೀಟರೇ ಇದ್ದರೂ ಬಲ್ಬ್ ಸಿಕ್ಕಿಸಿಟ್ಟು, ಲೈಟ್ ಹಾಕಿ, ಹಿಂದಿನಿಂದ ಪಿನ್ ತಾಗಿಸಿ ನೋಡಿ. ಬಿಚ್ಚಿದ ಹೋಲ್ಡರಿನಲ್ಲಿ ನೋಡಿದ ವೋಲ್ಟನ್ನು ನಂಬಬೇಡಿ.

ಇನ್ನೊಂದು ಎಚ್ಚರಿಕೆ. ಜಪಾನ್ ಮೂಲದ ಕೆಲವು ಕಾರುಗಳಲ್ಲಿ ಹೆಡ್‌ಲೈಟಿಗೆ ಪಾಸಿಟಿವ್ ನೇರವಾಗಿ ಬರುತ್ತದೆ, ಸ್ವಿಚ್ ಇರುವುದು ನೆಗೆಟಿವ್ ಕಡೆ. ಅಂಥ ಕಾರಿನಲ್ಲಿ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬಾಡಿಗೆ ಹಿಡಿದು ಹುಡುಕಿದರೆ ತಲೆ ಕೆಡುತ್ತದೆ, ಎಲ್ಲ ಪಿನ್ನಿನಲ್ಲೂ ಕರೆಂಟ್ ಇರುವಂತೆ ಕಾಣಬಹುದು. ಬಾಡಿ ಬಿಟ್ಟು, ಕಪ್ಲರಿನ (ಬಲ್ಬಿಗೆ ಸಿಕ್ಕಿಸುವ, ವೈರುಗಳ ತುದಿಯ ಪ್ಲಾಸ್ಟಿಕ್ ತುಂಡಿನ) ಪಿನ್‌ಗಳ ನಡುವೆಯೇ ಹಿಡಿದು ನೋಡಿ. ಹಳದಿ ಕವಚದ ವೈರು, ಹಳದಿ ಕಪ್ಲರಿನ ಹತ್ತಿರ ಮಾತ್ರ ಟೆಸ್ಟ್ ಲ್ಯಾಂಪ್ ಸುಳಿಯಬಾರದು. ಅದು ಏರ್‌ಬ್ಯಾಗಿನದು.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ

ಈ ಕಾಯಿಲೆಗೆ ಸುಮ್ನೆ ಬಲ್ಬ್ ಬದಲಾಯಿಸಿ ದುಡ್ಡು ಕಳೆಯುವವರೇ ಜಾಸ್ತಿ. ಲಕ್ಷಣ ವಿಚಿತ್ರವಾಗಿರುತ್ತದೆ. ಬ್ರೇಕ್ ಒತ್ತಿದರೆ ಆ ಕಡೆಯ ಟೈಲ್ ಲೈಟ್ ಮಂಕಾಗುತ್ತದೆ. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಬ್ರೇಕ್ ಲೈಟೂ ಮಿಣುಕುತ್ತದೆ. ಹಗಲಿನಲ್ಲಿ ಸರಿ, ರಾತ್ರಿ ಪಾರ್ಕಿಂಗ್ ಲೈಟ್ ಹಾಕಿದ ಮೇಲೆ ಗೋಳು. ಇಷ್ಟು ಕೇಳಿದರೆ ಸಾಕು, ಅದು ಅರ್ಥಿನ ದೋಷ.

ಯಾಕೆ ಹೀಗೆ? ಟೈಲ್ ಲ್ಯಾಂಪಿನ ಎಲ್ಲ ಬಲ್ಬುಗಳಿಗೂ ಸೇರಿ ಒಂದೇ ಅರ್ಥ್ ವೈರ್ ಇರುತ್ತದೆ. ಅದು ಕಡಿದರೆ ಕರೆಂಟ್ ಸುಮ್ಮನೆ ನಿಲ್ಲುವುದಿಲ್ಲ, ಬೇರೆ ದಾರಿ ಹಿಡಿಯುತ್ತದೆ. ಬ್ರೇಕಿನ 21 ವ್ಯಾಟ್ ಫಿಲಮೆಂಟ್ ದಾಟಿ ಬಲ್ಬಿನ ಹಿತ್ತಾಳೆ ಬುಡಕ್ಕೆ ಬರುತ್ತದೆ. ಅಲ್ಲಿಂದ ಕಾರಿನ ಬಾಡಿಗೆ ಇಳಿಯಲು ದಾರಿಯಿಲ್ಲ. ಅದೇ ಬಲ್ಬಿನ 5 ವ್ಯಾಟ್ ಫಿಲಮೆಂಟಿನೊಳಗೆ ಉಲ್ಟಾ ನುಗ್ಗಿ, ಪಾರ್ಕಿಂಗ್ ಲೈಟಿನ ವೈರ್ ಹಿಡಿದು, ಆಚೆ ಕಡೆಯ ಟೈಲ್ ಲ್ಯಾಂಪೋ ನಂಬರ್ ಪ್ಲೇಟ್ ಬಲ್ಬೋ ಸಿಕ್ಕಿದ ದಾರಿಯಲ್ಲಿ ಅರ್ಥಿಗೆ ಹೋಗುತ್ತದೆ. ಬ್ರೇಕ್ ಒತ್ತಿದರೆ ನಂಬರ್ ಪ್ಲೇಟ್ ಲೈಟ್ ಮಿಣಕ್ ಎನ್ನುವುದು ಇದರಿಂದಲೇ.

ಖಚಿತ ಮಾಡಿಕೊಳ್ಳುವುದು ಸುಲಭ. ಎರಡೂ ತುದಿಗೆ ಕ್ಲಿಪ್ ಇರುವ ಒಂದು ವೈರ್ ತೆಗೆದುಕೊಳ್ಳಿ. ಒಂದು ತುದಿ ಹೋಲ್ಡರಿನ ಅರ್ಥ್ ಪಟ್ಟಿಗೆ, ಇನ್ನೊಂದು ತುದಿ ಡಿಕ್ಕಿಯೊಳಗೆ ಬಣ್ಣವಿಲ್ಲದ ಯಾವುದಾದರೂ ಬೋಲ್ಟಿಗೆ. ಎಲ್ಲ ಲೈಟೂ ಪಟ್ಟನೆ ಸರಿಹೋದರೆ ಬಲ್ಬಿನ ತಂಟೆಗೆ ಹೋಗಬೇಡಿ. ಮೀಟರ್ ಇದ್ದರೆ ಲೈಟ್ ಹಾಕಿ, ಹೋಲ್ಡರಿನ ಅರ್ಥಿನಿಂದ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ ವೋಲ್ಟ್ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ದೋಷ ಇದೆ.

ಕಡಿದಿರುವ ಜಾಗ ಎರಡೇ. ಒಂದು, ವೈರ್ ಬಾಡಿಗೆ ಬೋಲ್ಟ್ ಆಗಿರುವ ಕಡೆ. ಕರಾವಳಿಯ ಕಾರಿನದನ್ನು ಬಿಚ್ಚಿದರೆ ಬೋಲ್ಟಿನ ಸುತ್ತ ಕಂದು ತುಕ್ಕು, ವೈರಿನ ತಾಮ್ರದ ಕಣ್ಣಿಯ ಮೇಲೆ ಹಸಿರು ಹೊಪ್ಪಳೆ. ಸ್ಯಾಂಡ್‌ಪೇಪರ್ ಹಾಕಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಇನ್ನೊಂದು ಜಾಗ, ಹೋಲ್ಡರ್ ಒಳಗಿನ ತೆಳು ಪಟ್ಟಿ. ಬಲ್ಬಿನ ಬುಡವನ್ನು ಹಿಡಿದುಕೊಳ್ಳುವ ಆ ಪಟ್ಟಿ ಬಿಸಿಗೆ ಸಡಿಲವಾಗಿ ಕಪ್ಪಾಗಿರುತ್ತದೆ. ಚೂಪು ಮೂತಿಯ ಇಕ್ಕಳದಲ್ಲಿ ಮೆಲ್ಲಗೆ ಒಳಕ್ಕೆ ಬಗ್ಗಿಸಿ ನೋಡಿ. ಸುತ್ತಲಿನ ಪ್ಲಾಸ್ಟಿಕ್ ಕರಗಿದ್ದರೆ ಹೋಲ್ಡರೇ ಬೇರೆ ಹಾಕಬೇಕು.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಉಂಟು, ತಪ್ಪು ಬಲ್ಬ್. ಬ್ರೇಕ್ ಮತ್ತು ಟೈಲ್ ಎರಡಕ್ಕೂ ಸೇರಿದ ಪಿ21/5ಡಬ್ಲ್ಯು ಬಲ್ಬಿನ ಅಡಿಯಲ್ಲಿ ಎರಡು ಚುಕ್ಕೆ, ಪಕ್ಕದ ಎರಡು ಗುಬಟುಗಳು ಒಂದೇ ಎತ್ತರದಲ್ಲಿ ಇರುವುದಿಲ್ಲ. ರಿವರ್ಸಿನ ಪಿ21ಡಬ್ಲ್ಯು ಬಲ್ಬಿಗೆ ಒಂದೇ ಚುಕ್ಕೆ, ಗುಬಟುಗಳು ಸಮ ಎತ್ತರ. ಕಿತ್ತಳೆ ಬಣ್ಣದ ಪಿವೈ21ಡಬ್ಲ್ಯು ಬಲ್ಬಿನಲ್ಲಿ ಗುಬಟುಗಳು ಒಂದರ ಎದುರಿಗೆ ಒಂದು ಇರದೆ ಓರೆಯಾಗಿರುತ್ತವೆ. ಒಂದರ ಜಾಗಕ್ಕೆ ಇನ್ನೊಂದು ಹೋಗದಿರಲಿ ಎಂದೇ ಹೀಗೆ ಮಾಡಿರುವುದು. ಆದರೂ ಜೋರು ಮಾಡಿ ಕೂರಿಸುವ ಮಹಾನುಭಾವರು ಇದ್ದಾರೆ. ಪಿ21/5 ಬಲ್ಬನ್ನು ತಿರುವುಮುರುವು ಹಾಕಿದರೆ ರಾತ್ರಿಯಿಡೀ ಬ್ರೇಕ್ ಲೈಟ್ ಉರಿಯುತ್ತದೆ, ಬ್ರೇಕ್ ಒತ್ತಿದಾಗ ಹಿಂದಿನವನಿಗೆ ಏನೂ ಗೊತ್ತಾಗುವುದಿಲ್ಲ.

ಇಂಡಿಕೇಟರ್ ಅವಸರ ಮಾಡಿದರೆ

ಎಡದ ಇಂಡಿಕೇಟರ್ ಮಾಮೂಲಿ, ಬಲದ್ದು ಟಿಕ್‌ಟಿಕ್‌ಟಿಕ್ ಎಂದು ದುಪ್ಪಟ್ಟು ವೇಗ. ಬಲಗಡೆ ಮುಂದಿನದೋ ಹಿಂದಿನದೋ ಒಂದು ಬಲ್ಬ್ ಹೋಗಿದೆ. ಲೋಡ್ ಕಮ್ಮಿಯಾದರೆ ಇಂಡಿಕೇಟರನ್ನು ಮಿಣುಕಿಸುವ ಫ್ಲಾಷರ್ ಬೇಗ ಬೇಗ ಬಡಿಯುತ್ತದೆ, ಡ್ರೈವರಿಗೆ ತಿಳಿಯಲಿ ಎಂದು. ಎಲ್ಲ ಬಲ್ಬೂ ಹತ್ತುತ್ತಿದ್ದರೆ ಯಾರೋ 21 ವ್ಯಾಟಿನ ಜಾಗಕ್ಕೆ ಎಲ್‌ಇಡಿ ಹಾಕಿದ್ದಾರೆ.

ಎರಡೂ ಕಡೆ ಹತ್ತುತ್ತಿಲ್ಲ, ಹಜಾರ್ಡ್ ಒತ್ತಿದರೆ ನಾಲ್ಕೂ ಹತ್ತುತ್ತವೆ ಎಂದರೆ ಬಲ್ಬು, ಅರ್ಥ್, ವೈರಿಂಗ್ ಎಲ್ಲ ಸರಿಯಿವೆ. ಸಾಮಾನ್ಯವಾಗಿ ತೊಂದರೆ ಇಂಡಿಕೇಟರ್ ಫ್ಯೂಸಿನಲ್ಲೋ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನಲ್ಲೋ ಇರುತ್ತದೆ.

ಆರದ ಬ್ರೇಕ್ ಲೈಟ್

ಕಾರ್ ಆಫ್ ಮಾಡಿ ಮನೆಯೊಳಗೆ ಹೋದರೂ ಬ್ರೇಕ್ ಲೈಟ್ ಉರಿಯುತ್ತಲೇ ಇದೆ, ಬೆಳಿಗ್ಗೆ ಬ್ಯಾಟರಿ ಡೌನ್. ಟಾರ್ಚ್ ಹಿಡಿದು ಬ್ರೇಕ್ ಪೆಡಲಿನ ಮೇಲ್ಗಡೆ ನೋಡಿ, ಕಾಲಿಡುವ ಮ್ಯಾಟಿನ ಮೇಲೂ ನೋಡಿ. ಪ್ಲಾಸ್ಟಿಕ್ಕೋ ರಬ್ಬರೋ ಪುಡಿಪುಡಿಯಾಗಿ ಬಿದ್ದಿದ್ದರೆ ಕಳ್ಳ ಸಿಕ್ಕಿದ. ಪೆಡಲ್ ಮೇಲೆ ಬಂದಾಗ ಬ್ರೇಕ್ ಸ್ವಿಚ್ಚಿನ ಗುಂಡಿಯನ್ನು ಒತ್ತಿಹಿಡಿಯುವ ಒಂದು ಚಿಕ್ಕ ಬುಷ್ ಅಲ್ಲಿರುತ್ತದೆ. ಅದು ಹಳತಾಗಿ ಒಡೆದರೆ ಗುಂಡಿ ತೂತಿನೊಳಗೆ ತೂರಿಕೊಳ್ಳುತ್ತದೆ, ಪೆಡಲ್ ಒತ್ತಿದೆ ಎಂದೇ ಸ್ವಿಚ್ ತಿಳಿಯುತ್ತದೆ. ಬುಷ್ ಬೆಲೆ ಏನೂ ಅಲ್ಲ.

ಉಲ್ಟಾ, ಮೂರೂ ಬ್ರೇಕ್ ಲೈಟ್ ಒಟ್ಟಿಗೆ ಹೋಗಿದ್ದರೆ ಅದೇ ಸ್ವಿಚ್ ಇಲ್ಲವೇ ಫ್ಯೂಸ್. ಮೂರು ಬಲ್ಬ್ ಒಂದೇ ದಿನ ಸಾಯುವುದಿಲ್ಲ, ಅಲ್ವಾ? ರಿವರ್ಸ್ ಲೈಟ್ ಎರಡೂ ಇಲ್ಲದಿದ್ದರೆ ಗೇರ್‌ಬಾಕ್ಸಿನ ಮೇಲಿನ ರಿವರ್ಸ್ ಸ್ವಿಚ್ ನೋಡಿ.

ಎಚ್4 ಬದಲಾಯಿಸುವಾಗ

ಎಲ್ಲ ನೋಡಿ ಬಲ್ಬೇ ಹೋಗಿದೆ ಎಂದು ಖಾತ್ರಿಯಾದ ಮೇಲೆ ಲೈಟ್ ಆರಿಸಿ, ಎಂಜಿನ್ ನಿಲ್ಲಿಸಿ, ತಣಿಯಲು ಬಿಡಿ. ಹಿಂದಿನಿಂದ ಕಪ್ಲರನ್ನು ನೇರವಾಗಿ ಎಳೆಯಿರಿ. ವೈರ್ ಹಿಡಿದಲ್ಲ, ಕಪ್ಲರ್ ಹಿಡಿದು, ಎಡಕ್ಕೆ ಬಲಕ್ಕೆ ಸ್ವಲ್ಪ ಅಲ್ಲಾಡಿಸುತ್ತಾ. ಬಂದ ಕಪ್ಲರಿನ ಒಳಗೆ ಒಮ್ಮೆ ಇಣುಕಿ. ಮೂರು ಸೀಳಿನಲ್ಲಿ ಒಂದರ ಸುತ್ತ ಪ್ಲಾಸ್ಟಿಕ್ ಕಂದಾಗಿದೆಯೇ, ಕರಗಿದೆಯೇ? ಹಾಗಿದ್ದರೆ ಒಳಗಿನ ಟರ್ಮಿನಲ್ ಸಡಿಲವಾಗಿ ಬಿಸಿಯಾಗುತ್ತಿದೆ. ಹೊಸ ಬಲ್ಬೂ ಅಲ್ಲಿ ಬಾಳುವುದಿಲ್ಲ, ಕಪ್ಲರನ್ನೂ ಬದಲಾಯಿಸಬೇಕು.

ಆಮೇಲೆ ಬಲ್ಬಿನ ಹಿಂದಿನ ರಬ್ಬರ್ ಮುಚ್ಚಳ, ಅಂದರೆ ಬೂಟ್, ತೆಗೆಯಿರಿ. ಒಳಗಿನ ತಂತಿ ಕ್ಲಿಪ್ಪನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಕೈಗೆ ಬರುತ್ತದೆ. ಕೆಲವು ಕಾರಿನಲ್ಲಿ ಬ್ಯಾಟರಿ ಅಡ್ಡ ಬಂದು ಕೈಯೇ ಹೋಗುವುದಿಲ್ಲ, ಮೊಬೈಲ್ ಕ್ಯಾಮೆರಾ ಒಳಗಿಟ್ಟು ಫೋಟೊ ತೆಗೆದು ಕ್ಲಿಪ್ ಯಾವ ಕಡೆ ಸಿಕ್ಕಿದೆ ನೋಡಿಕೊಳ್ಳಿ. ಹೊಸ ಬಲ್ಬನ್ನು ಲೋಹದ ಬುಡದಲ್ಲೇ ಹಿಡಿಯಿರಿ. ಗಾಜಿಗೆ ಬೆರಳು ತಾಗಿತೋ, ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಬಟ್ಟೆ ಅದ್ದಿ ಒರೆಸಿ ಒಣಗಿಸಿ. ಬೆರಳಿನ ಜಿಡ್ಡು ಬಿಸಿಗೆ ಗಾಜಿನ ಮೇಲೆ ಸುಟ್ಟು ಅಂಟಿ, ಅಲ್ಲೇ ಕಾವು ಏರಿ ಗಾಜು ಉಬ್ಬುತ್ತದೆ. ಬುಡದ ಮೂರು ಕಿವಿಗಳಲ್ಲಿ ಮೇಲಿನದು ಅಗಲ, ಹಾಗಾಗಿ ಬಲ್ಬ್ ಒಂದೇ ರೀತಿ ಕೂರುತ್ತದೆ. ಕೂತಿಲ್ಲದೆ ಕ್ಲಿಪ್ ಹಾಕಿದರೆ ಬೆಳಕು ಮರದ ತುದಿಗೆ ಹೋಗುತ್ತದೆ.

ರಬ್ಬರ್ ಬೂಟನ್ನು ಸುತ್ತಲೂ ಒತ್ತಿ ಕೂರಿಸುವುದನ್ನು ಮರೆಯಬೇಡಿ. ಆಗುಂಬೆ, ಚಾರ್ಮಾಡಿ ಕಡೆಯ ಮಳೆಯಲ್ಲಿ ಬೂಟ್ ಸರಿಯಿಲ್ಲದ ಲ್ಯಾಂಪಿನೊಳಗೆ ನೀರು ನಿಲ್ಲುತ್ತದೆ. ಬೆಳಗಿನ ಚಳಿಗೆ ಗಾಜಿನ ಒಳಗೆ ತೆಳು ಮಂಜು ಕಟ್ಟಿ, ಲೈಟ್ ಹಾಕಿದ ಮೇಲೆ ಆರಿದರೆ ಚಿಂತೆಯಿಲ್ಲ. ಹನಿಹನಿಯಾಗಿ ಕೆಳಗೆ ನೀರು ನಿಂತಿದ್ದರೆ ಸೀಲ್ ಹೋಗಿದೆ.

ಕೊನೆಗೆ ಸಮತಟ್ಟಾದ ಜಾಗದಲ್ಲಿ ಗೋಡೆಗೆ 5 ಮೀಟರ್ ದೂರ ನಿಲ್ಲಿಸಿ, ಬೆಳಕಿನ ಎತ್ತರ ಹೊಂದಿಸುವ ಲೆವೆಲ್ ಗುಂಡಿ ಇದ್ದರೆ ಸೊನ್ನೆಗೆ ತಿರುಗಿಸಿ, ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಲ್ಯಾಂಪಿನ ನಡುಮಟ್ಟಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು, ಎಡಗಡೆಗೆ ಮಾತ್ರ ಸ್ವಲ್ಪ ಮೇಲೇರಿರುತ್ತದೆ.

ಪದೇ ಪದೇ ಬಲ್ಬ್ ಹೋಗುತ್ತಿದ್ದರೆ

ಒಂದೇ ಕಡೆಯದು ಹೋಗುತ್ತಿದ್ದರೆ ಹೋಲ್ಡರ್ ಸಡಿಲ, ನೀರು, ಅಲುಗಾಟ ನೋಡಿ. ಎರಡೂ ಕಡೆ, ಹಿಂದಿನದೂ ಮುಂದಿನದೂ ಸರದಿ ಪ್ರಕಾರ ಹೋಗುತ್ತಿದ್ದರೆ ವೋಲ್ಟೇಜ್ ಅಳೆಯಿರಿ. ಎಂಜಿನ್ ಸ್ವಲ್ಪ ರೇಸ್ ಮಾಡಿ ಬ್ಯಾಟರಿ ಟರ್ಮಿನಲ್ಲಿನಲ್ಲಿ ನೋಡಿದರೆ 13.8ರಿಂದ 14.5 ವೋಲ್ಟ್ ಇರಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಇಳಿಸುವುದೂ ಉಂಟು, ಅದಕ್ಕೆ ಹೆದರಬೇಡಿ. 15 ದಾಟಿದರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ವೋಲ್ಟೇಜ್ ಶೇಕಡಾ 5 ಏರಿದರೂ ಬಲ್ಬಿನ ಆಯುಷ್ಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಬ್ಯಾಟರಿಗೂ ಅದು ಒಳ್ಳೆಯದಲ್ಲ.

ಇನ್ನು 100/90 ವ್ಯಾಟ್ ಬಲ್ಬ್. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೇಳಿದರೆ ಸಿಗುತ್ತದೆ, ಬೆಳಕೂ ಜಾಸ್ತಿ. ಆದರೆ 60 ವ್ಯಾಟ್ 5 ಆಂಪಿಯರ್ ಎಳೆದರೆ 100 ವ್ಯಾಟ್ 8ಕ್ಕಿಂತ ಜಾಸ್ತಿ ಎಳೆಯುತ್ತದೆ. ಕಪ್ಲರಿನ ಟರ್ಮಿನಲ್ಲಿನಲ್ಲಿ ಹುಟ್ಟುವ ಬಿಸಿ ಎರಡೂ ಮುಕ್ಕಾಲು ಪಟ್ಟು ಏರುತ್ತದೆ. ಕರಗಿದ ಕಪ್ಲರುಗಳ ಹಿಂದಿನ ಕಥೆ ಬಹಳ ಸಲ ಇದೇ. ಬೆಳಕು ಸಾಲದು ಎನ್ನುವವರು 60/55 ಬಲ್ಬನ್ನೇ ಇಟ್ಟುಕೊಂಡು, ಸೆರಾಮಿಕ್ ಹೋಲ್ಡರ್ ಇರುವ ರಿಲೇ ವೈರಿಂಗ್ ಕಿಟ್ ಹಾಕಿಸಿಕೊಳ್ಳಲಿ. ಹಳೇ ವೈರಿನಲ್ಲಿ ಸೋರಿಹೋಗುತ್ತಿದ್ದ ವೋಲ್ಟ್ ಬಲ್ಬಿಗೆ ಸಿಕ್ಕರೆ ಬೆಳಕು ಕಣ್ಣಿಗೆ ಕಾಣುವಷ್ಟು ಏರುತ್ತದೆ. ಹಳದಿಯಾದ ಲ್ಯಾಂಪಿನ ಮೈ ಪಾಲಿಶ್ ಮಾಡಿಸಿದರೂ ಲಾಭವಿದೆ.

ಎಚ್4 ಜಾಗಕ್ಕೆ ಎಲ್‌ಇಡಿ ಬೇಡ ಎನ್ನುವ ಪಂಗಡಕ್ಕೆ ನಾನು ಸೇರಿದವನು. ಎಚ್4ನಲ್ಲಿ ಲೋ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ದೊನ್ನೆ ಇರುತ್ತದೆ, ರಿಫ್ಲೆಕ್ಟರಿನ ಲೆಕ್ಕಾಚಾರವೆಲ್ಲ ಅದರ ಮೇಲೆ ನಿಂತಿದೆ. ಎಲ್‌ಇಡಿ ಚಿಪ್ಪಿನ ಆಕಾರ ಅದಕ್ಕೆ ಹೊಂದದಿದ್ದರೆ ನಮಗೆ ಹಾಲು ಚೆಲ್ಲಿದಂಥ ಬೆಳಕು, ಎದುರಿನವನಿಗೆ ಕಣ್ಣು ಕತ್ತಲೆ. ನಂಬರ್ ಪ್ಲೇಟ್, ಪಾರ್ಕಿಂಗಿನ ಸಣ್ಣ ಟಿ10 ಬಲ್ಬಿಗೆ ಬೇಕಾದರೆ ಎಲ್‌ಇಡಿ ಹಾಕಿ. ಹತ್ತಲಿಲ್ಲವೆಂದರೆ ತಿರುಗಿಸಿ ಹಾಕಿ, ಅದಕ್ಕೆ ಪ್ಲಸ್ ಮೈನಸ್ ಇದೆ.

ಇಷ್ಟಕ್ಕೂ ಬಗ್ಗದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಏನೇನು ನೋಡಿದ್ದೀರಿ ಎಂದು ಹೇಳಿ. ಅವರ ಅರ್ಧ ಗಂಟೆ ಉಳಿಯುತ್ತದೆ. ಕಂಪನಿಯಿಂದಲೇ ಎಲ್‌ಇಡಿ ಬಂದಿರುವ ಲ್ಯಾಂಪುಗಳಲ್ಲಿ ಬದಲಾಯಿಸುವ ಬಲ್ಬೇ ಇರುವುದಿಲ್ಲ, ಫ್ಯೂಸ್ ಮತ್ತು ಕಪ್ಲರ್ ನೋಡಿ ನಿಲ್ಲಿಸಿ. ಎಚ್‌ಐಡಿ (ಫಿಲಮೆಂಟ್ ಇಲ್ಲದೆ, ಹೈ ವೋಲ್ಟೇಜಿನಲ್ಲಿ ಅನಿಲ ಬೆಳಗುವ ಬಲ್ಬ್) ಇರುವ ಕಾರಿನ ಹೆಡ್‌ಲೈಟಿಗೆ ಮಾತ್ರ ಕೈ ಹಾಕಬೇಡಿ. ಹತ್ತುವ ಕ್ಷಣದಲ್ಲಿ ಅದರ ಬಲ್ಬಿಗೆ ಸಾವಿರಾರು ವೋಲ್ಟ್ ಹೋಗುತ್ತದೆ.